ಫಿಜಿಯ ಮಕ್ಕಳ ಕ್ಯಾನ್ಸರ್ ಸೇವೆ: ಎಲ್ಲಿ ಗಟ್ಟಿ, ಎಲ್ಲಿ ಸಡಿಲ

ಫಿಜಿಯ ಜನಸಂಖ್ಯೆ ಸುಮಾರು 9 ಲಕ್ಷ. ದ್ವೀಪಗಳು 300ಕ್ಕೂ ಹೆಚ್ಚು, ಜನ ವಾಸವಿರುವುದು ನೂರರ ಆಸುಪಾಸಿನಲ್ಲಿ. ಇಷ್ಟು ಸಣ್ಣ ದೇಶದಲ್ಲಿ ವರ್ಷಕ್ಕೆ ಕ್ಯಾನ್ಸರ್ ಬರುವ ಮಕ್ಕಳ ಸಂಖ್ಯೆ ಹತ್ತಾರರ ಲೆಕ್ಕದಲ್ಲಷ್ಟೇ ಇರುತ್ತದೆ. ಅದಕ್ಕಾಗಿಯೇ ಒಂದು ದೊಡ್ಡ ಆಸ್ಪತ್ರೆ ಕಟ್ಟಿದರೆ ಅದನ್ನು ನಡೆಸಲು ಆಗುವುದಿಲ್ಲ. ಹಾಗಾಗಿ ಅಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ರಾಜಧಾನಿ ಸುವಾದ ಕಲೋನಿಯಲ್ ವಾರ್ ಮೆಮೋರಿಯಲ್ ಆಸ್ಪತ್ರೆ ಮತ್ತು ಪಶ್ಚಿಮದ ಲೌಟೋಕಾ ಆಸ್ಪತ್ರೆಯ ಮಕ್ಕಳ ವೈದ್ಯರು ಚಿಕಿತ್ಸೆ ಕೊಡುತ್ತಾರೆ, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ತಜ್ಞರು ಅವರ ಬೆನ್ನಿಗೆ ನಿಲ್ಲುತ್ತಾರೆ. ಸಮೋವಾ, ಟೋಂಗಾಗಳಿಗೆ ಆಕ್ಲೆಂಡಿನ ಸ್ಟಾರ್‌ಶಿಪ್ ಆಸ್ಪತ್ರೆಯ ಜೊತೆ ಇಂಥದ್ದೇ ಜೋಡಿ ಇದೆ.

ಈ ಸೇವೆಯ ದೊಡ್ಡ ಗುಣ ಯಾವುದೆಂದು ಕೇಳಿದರೆ, ಯಾವ ಮಗುವಿಗೆ ಊರಲ್ಲೇ ಚಿಕಿತ್ಸೆ, ಯಾವ ಮಗುವನ್ನು ಹೊರಗೆ ಕಳಿಸಬೇಕು ಎಂಬುದನ್ನು ಮೊದಲೇ ಯೋಚಿಸಿ ಇಟ್ಟಿರುವುದು. ಲಿಂಫೋಬ್ಲಾಸ್ಟಿಕ್ ರಕ್ತಕ್ಯಾನ್ಸರ್, ದುಗ್ಧರಸ ಗ್ರಂಥಿಗಳ ಕ್ಯಾನ್ಸರ್‌ಗಳಾದ ಹಾಡ್ಜ್‌ಕಿನ್ ಲಿಂಫೋಮಾ, ಬರ್ಕಿಟ್ ಲಿಂಫೋಮಾ, ಮೂತ್ರಪಿಂಡದ ವಿಲ್ಮ್ಸ್ ಗಡ್ಡೆ, ಕಣ್ಣಿನ ರೆಟಿನೋಬ್ಲಾಸ್ಟೋಮಾ: ಇವು ಹಳೆಯ, ಅಗ್ಗದ ಔಷಧಗಳಿಗೂ ಬಗ್ಗುವ ಕಾಯಿಲೆಗಳು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2030ರ ಹೊತ್ತಿಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ಶೇ 60ರಷ್ಟಾದರೂ ಉಳಿಯಬೇಕು ಎಂಬ ಗುರಿ ಇಟ್ಟಾಗ ಮುಂದಿಟ್ಟುಕೊಂಡ ಆರು ಕಾಯಿಲೆಗಳಲ್ಲಿ ಈ ಐದೂ ಇವೆ. ಮೂಳೆಮಜ್ಜೆ ಕಸಿ ಬೇಕಾಗುವ, ಮರುಕಳಿಸಿದ ರಕ್ತಕ್ಯಾನ್ಸರ್‌ನ ಮಾತು ಬೇರೆ.

ಜೋಡಿ ಎಂದರೆ ಫೋನಿನಲ್ಲಿ ಸಲಹೆ ಕೊಡುವುದು ಎಂದಷ್ಟೇ ತಿಳಿಯಬಾರದು. ನ್ಯೂಜಿಲೆಂಡಿನ ಚಿಕಿತ್ಸಾಕ್ರಮವನ್ನು ಹಾಗೆಯೇ ತಂದು ಸುವಾದಲ್ಲಿ ಕೊಟ್ಟರೆ ಗಡ್ಡೆ ಕರಗಬಹುದು, ಮಗು ಸೋಂಕಿನಿಂದ ಸಾಯಬಹುದು. ಕೀಮೋ ಜೋರಾದಷ್ಟೂ ಬಿಳಿ ರಕ್ತಕಣ ಕುಸಿಯುತ್ತದೆ. ಆಗ ಪ್ಲೇಟ್‌ಲೆಟ್, ತೀವ್ರ ನಿಗಾ ಘಟಕ, ಬಲವಾದ ಆ್ಯಂಟಿಬಯೋಟಿಕ್ ಎಲ್ಲವೂ ಕೈಗೆಟುಕಬೇಕು. ಪ್ಲೇಟ್‌ಲೆಟ್ ಚೀಲ ಐದರಿಂದ ಏಳು ದಿನಕ್ಕಿಂತ ಹೆಚ್ಚು ಬಾಳುವುದಿಲ್ಲ. ದಾನಿಗಳೇ ಕಡಿಮೆ ಇರುವ ದೇಶದಲ್ಲಿ ಅದನ್ನು ದಾಸ್ತಾನು ಮಾಡಿಟ್ಟುಕೊಳ್ಳುವುದೆಲ್ಲಿಂದ? ಆದ್ದರಿಂದ ಆಸ್ಪತ್ರೆ ತಡೆದುಕೊಳ್ಳುವಷ್ಟೇ ತೀವ್ರತೆಯ ಕ್ರಮವನ್ನು ಆರಿಸುತ್ತಾರೆ, ಆರೈಕೆ ಬಲಿತಂತೆ ಏರಿಸುತ್ತಾರೆ. ಸಣ್ಣ ದೇಶಕ್ಕೆ ಇದಕ್ಕಿಂತ ಪ್ರಾಮಾಣಿಕವಾದ ವೈದ್ಯಕೀಯ ನಿರ್ಧಾರ ಇನ್ನೊಂದಿಲ್ಲ.

ಪರೀಕ್ಷೆಯ ಕೊಂಡಿ ಇದಕ್ಕಿಂತ ನಾಜೂಕು. ಮಜ್ಜೆಯ ಮಾದರಿಯನ್ನು ಫ್ಲೋ ಸೈಟೋಮೆಟ್ರಿಗೆ, ಅಂದರೆ ಜೀವಕೋಶಗಳ ಬಗೆ ಗುರುತಿಸುವ ಪರೀಕ್ಷೆಗೆ, ಹೊರದೇಶಕ್ಕೆ ಕಳಿಸಬೇಕಾದರೆ ಒಂದೆರಡು ದಿನದೊಳಗೆ ತಲುಪಿಸಬೇಕು, ತಡವಾದರೆ ಜೀವಕೋಶಗಳು ಸಾಯುತ್ತವೆ. ಶುಕ್ರವಾರ ಸಂಜೆ ತೆಗೆದ ಮಾದರಿ ವಿಮಾನಕ್ಕಾಗಿ ಕಾಯುತ್ತಾ ಹಾಳಾಗುತ್ತದೆ. ವಾರದ ಮೊದಲಲ್ಲೇ ಮಜ್ಜೆ ತೆಗೆಯುವಂತೆ ದಿನ ಗೊತ್ತುಮಾಡುವುದು ಚಿಕ್ಕ ವಿಷಯ, ಆದರೆ ಅದರಿಂದ ಮಗುವಿಗೆ ಇನ್ನೊಂದು ಸಲ ಸೂಜಿ ತಪ್ಪುತ್ತದೆ.

ಈಗ ಸಡಿಲ ಜಾಗಗಳು. ಮೊದಲನೆಯದು ಜ್ವರ. ಕೀಮೋದಲ್ಲಿರುವ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಆಸ್ಪತ್ರೆಯ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಲಾವು ಸಮೂಹದ ಯಾವುದೋ ದ್ವೀಪದಲ್ಲಿರುವ ಮನೆಗೆ ಆ ಬಾಗಿಲೇ ಎಷ್ಟೋ ಗಂಟೆಗಳ ಆಚೆ. ಹತ್ತಿರದ ನರ್ಸಿಂಗ್ ಸ್ಟೇಷನ್ನಿನಲ್ಲಿ ದೋಣಿ ಹತ್ತುವ ಮೊದಲೇ ಮೊದಲ ಡೋಸ್ ಬೀಳಬೇಕು. ಅಲ್ಲಿ ಸಿಗುವುದು ಸೆಫ್ಟ್ರಿಯಾಕ್ಸೋನ್ ಮಾತ್ರವಾದರೆ ಅದಾದರೂ ಸರಿ. ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾದು ನೋಡುವುದು ಅಪಾಯ. ಗುದದ್ವಾರದ ಥರ್ಮಾಮೀಟರ್ ಬೇಡ, ಐಬುಪ್ರೊಫೆನ್ ಬೇಡ. ಇದರ ಮೇಲೆ ಡೆಂಗಿಯ ಕಾಟ: ಜ್ವರ, ಕುಸಿದ ಪ್ಲೇಟ್‌ಲೆಟ್, ಕುಸಿದ ಬಿಳಿಕಣ ಡೆಂಗಿ, ರಕ್ತಕ್ಯಾನ್ಸರ್ ಎರಡರಲ್ಲೂ ಕಾಣುತ್ತವೆ. ಮಳೆಗಾಲದಲ್ಲಿ ರಕ್ತಕ್ಯಾನ್ಸರ್ ಮಗುವನ್ನು ಡೆಂಗಿ ಎಂದು ಮನೆಗೆ ಕಳಿಸಿಬಿಡುವುದು ಸುಲಭ. ಎರಡು ವಾರ ಕಳೆದರೂ ರಕ್ತಕಣ ಏರದಿದ್ದರೆ, ಯಕೃತ್ತು, ಗುಲ್ಮ ಊದಿದ್ದರೆ, ಮೂಳೆ ನೋವೆಂದು ಮಗು ನಡೆಯಲು ಒಲ್ಲೆನೆಂದರೆ ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಅದಕ್ಕೂ ಮುಂಚೆ ಸ್ಟೀರಾಯ್ಡ್ ಕೊಡಬಾರದು. ಕೀಲುನೋವಿಗೋ ಉಬ್ಬಸಕ್ಕೋ ಕೊಟ್ಟ ಪ್ರೆಡ್ನಿಸೋಲೋನ್ ರೋಗವನ್ನು ಕೆಲವು ವಾರ ಮರೆಸುತ್ತದೆ. ಆಮೇಲೆ ಅದರ ತೀವ್ರತೆಯ ಲೆಕ್ಕವೇ ತಪ್ಪುತ್ತದೆ.

ಎರಡನೆಯದು ಮನೆಯಲ್ಲಿ ನುಂಗುವ ಔಷಧ. ರಕ್ತಕ್ಯಾನ್ಸರ್ ಚಿಕಿತ್ಸೆ ಒಟ್ಟು ಎರಡು ಮೂರು ವರ್ಷದ್ದು. ಅದರಲ್ಲಿ ಹೆಚ್ಚಿನ ಭಾಗ ದಿನವೂ ಮರ್ಕಾಪ್ಟೊಪ್ಯೂರಿನ್, ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್. ಮರ್ಕಾಪ್ಟೊಪ್ಯೂರಿನ್ ಸಾಮಾನ್ಯವಾಗಿ 50 ಮಿ.ಗ್ರಾಂ. ಮಾತ್ರೆಯಾಗಿಯೇ ಸಿಗುತ್ತದೆ. ಮೈ ವಿಸ್ತೀರ್ಣ 0.6 ಚದರ ಮೀಟರ್ ಇರುವ ಮಗುವಿಗೆ ಚದರ ಮೀಟರಿಗೆ 75ರಂತೆ ದಿನಕ್ಕೆ 45 ಮಿ.ಗ್ರಾಂ. ಬೇಕು. ಮಾತ್ರೆಯನ್ನು ಚೂರು ಮಾಡುವ ಬದಲು ವೈದ್ಯರು ವಾರದ ಲೆಕ್ಕ ಹಾಕಿ ಆರು ದಿನ ಒಂದೊಂದು, ಏಳನೆಯ ದಿನ ಬಿಡುವು ಎಂದು ಬರೆದುಕೊಡಬಹುದು. ಅದೇ ಮಗುವಿಗೆ ಮೆಥೋಟ್ರೆಕ್ಸೇಟ್ 2.5 ಮಿ.ಗ್ರಾಂ.ನ ಐದು ಮಾತ್ರೆ, ವಾರಕ್ಕೆ ಒಂದೇ ದಿನ. ಎರಡೂ ಸಣ್ಣ ಹಳದಿ ಮಾತ್ರೆಗಳಾಗಿರುವುದುಂಟು. ಅದಲುಬದಲಾಗಿ ಮೆಥೋಟ್ರೆಕ್ಸೇಟನ್ನು ದಿನವೂ ನುಂಗಿಸಿದರೆ ಬಾಯಿಹುಣ್ಣಿನಿಂದ ಶುರುವಾಗಿ ಪ್ರಾಣಕ್ಕೇ ಬರುತ್ತದೆ. ವಾರದ ದಿನದ ಹೆಸರನ್ನು ಚೀಟಿಯ ಮೇಲೆ ಮನೆಮಾತಿನಲ್ಲಿ, ಅದು ಮೂಲನಿವಾಸಿಗಳ ಇತೌಕೇಯಿ ಆಗಲಿ ಫಿಜಿ ಹಿಂದಿಯಾಗಲಿ, ಬರೆಯಲೇಬೇಕು.

ಇಲ್ಲಿ ವಾವ್ಸ್ ಕಿಡ್ಸ್ ಫಿಜಿ ಎಂಬ ದತ್ತಿಸಂಸ್ಥೆಯ ಕೆಲಸಕ್ಕೆ ಪೂರ್ತಿ ಅಂಕ. ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆ ಬಹುತೇಕ ಉಚಿತವೇ. ಕುಟುಂಬವನ್ನು ಮುರಿಯುವುದು ಔಷಧದ ಬೆಲೆಗಿಂತ ದೋಣಿಯ ಟಿಕೆಟ್ಟು, ಸುವಾದಲ್ಲಿ ತಂಗುವ ಖರ್ಚು, ಊರಲ್ಲಿ ಉಳಿದ ಮಕ್ಕಳು, ಕೊಯ್ಲಿಗೆ ಬಂದ ಕಬ್ಬು. ವನುವಾ ಲೇವು ದ್ವೀಪದಿಂದ ಬಂದ ತಾಯಿಗೆ ಇಳಿದುಕೊಳ್ಳಲು ಜಾಗ ಮತ್ತು ಬರಹೋಗುವ ಖರ್ಚು ಸಿಕ್ಕರೆ ಅವಳು ಮುಂದಿನ ಸುತ್ತಿಗೂ ಬರುತ್ತಾಳೆ. ಮೊದಲ ತಿಂಗಳಲ್ಲೇ ಮಗು ಚೇತರಿಸಿದಂತೆ ಕಾಣುವುದರಿಂದ ಅರ್ಧಕ್ಕೆ ಬಿಡುವ ಆಸೆ ಆಗಲೇ ಹೆಚ್ಚು.

ವಿಕಿರಣ ಚಿಕಿತ್ಸೆಯೇ ಅತಿ ದೊಡ್ಡ ಕೊರತೆ. ಆ ಯಂತ್ರವಿಲ್ಲದೆಯೇ ಈ ಸೇವೆ ಬೆಳೆದಿದೆ. ಹಾಡ್ಜ್‌ಕಿನ್‌ನಲ್ಲಿ ಕೀಮೋಗೆ ಬೇಗ ಬಗ್ಗಿದರೆ ವಿಕಿರಣ ಬಿಡಬಹುದು, ಆದರೆ ಹೊಟ್ಟೆಯೊಳಗೆ ಒಡೆದ ವಿಲ್ಮ್ಸ್ ಗಡ್ಡೆಗೆ, ಮೆದುಳಿನ ಮೆಡುಲೋಬ್ಲಾಸ್ಟೋಮಾಗೆ ಬೇಕೇ ಬೇಕು. ಮೆಡುಲೋಬ್ಲಾಸ್ಟೋಮಾದಲ್ಲಿ ವಿಕಿರಣ ಶುರುವಾಗುವುದು ಶಸ್ತ್ರಚಿಕಿತ್ಸೆಯಾಗಿ ಆರೇಳು ವಾರ ಮೀರುವಂತಿಲ್ಲ. ಹೊರಗೆ ಕಳಿಸುವ ದೇಶಗಳಲ್ಲಿ ಭಾರತವೂ ಇದೆ. ಅನುಮೋದನೆ, ವೀಸಾ ಎಲ್ಲಕ್ಕೂ ದಿನ ಹಿಡಿಯುವುದರಿಂದ ಸ್ಕ್ಯಾನಿನಲ್ಲಿ ಗಡ್ಡೆ ಕಂಡ ದಿನವೇ ಮಗುವಿನ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಬೇಕು.

ಔಷಧ ಪೂರೈಕೆಯಲ್ಲೂ ಸಣ್ಣ ದೇಶದ ಕಷ್ಟವಿದೆ. ರಕ್ತಕ್ಯಾನ್ಸರ್‌ಗೆ ಕೊಡುವ ಆಸ್ಪರಾಜಿನೇಸ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು, ಬೇಕಾಗುವುದು ಕೆಲವೇ ಸೀಸೆ. ಅಷ್ಟು ಪುಟ್ಟ ಆರ್ಡರಿಗೆ ಕಂಪನಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ. ಮಕ್ಕಳ ಕ್ಯಾನ್ಸರ್ ಔಷಧಗಳನ್ನು ಉಚಿತವಾಗಿ ತಲುಪಿಸಲು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಮೆರಿಕದ ಸೇಂಟ್ ಜೂಡ್ ಆಸ್ಪತ್ರೆ 2021ರಲ್ಲಿ ಘೋಷಿಸಿದ ವೇದಿಕೆಯ ಮೊದಲ ಸರಕು 2025ರಲ್ಲಿ ಮಂಗೋಲಿಯಾ, ಉಜ್ಬೇಕಿಸ್ತಾನಗಳಿಗೆ ಹೋಯಿತು. ಪೆಸಿಫಿಕ್‌ನ ಎಲ್ಲ ದ್ವೀಪಗಳು ಒಂದಾಗಿ ಒಂದೇ ಬೇಡಿಕೆ ಸಲ್ಲಿಸುವುದೇ ಒಳ್ಳೆಯ ದಾರಿ ಎನಿಸುತ್ತದೆ.

ಹಣ ಎಲ್ಲಿ ಹಾಕಬೇಕೆಂದರೆ ನರ್ಸ್‌ಗಳ ತರಬೇತಿಗೆ. ವನುವಾ ಲೇವುವಿನ ಲಂಬಾಸಾದಲ್ಲಿ ದಕ್ಷಿಣ ಭಾರತ ಮೂಲದವರ ಸಂಗಮ ಸಂಸ್ಥೆ ನರ್ಸಿಂಗ್ ಕಾಲೇಜನ್ನೇ ನಡೆಸುತ್ತಿದೆ. ಅಲ್ಲಿಂದ ಹೊರಬರುವವರು ಹಳ್ಳಿಯ ಮಗುವನ್ನು ಎಲ್ಲರಿಗಿಂತ ಮೊದಲು ನೋಡುವವರು. ಕಣ್ಣಿನ ಪಾಪೆಯಲ್ಲಿ ಬಿಳಿ ಹೊಳಪು, ಸ್ನಾನ ಮಾಡಿಸುವಾಗ ಕೈಗೆ ಸಿಕ್ಕ ಹೊಟ್ಟೆಯ ಗಂಟು, ಬೆಳಗಿನ ತಲೆನೋವಿನ ಜೊತೆ ವಾಂತಿ, ಕಾರಣ ಸಿಗದ ಮೂಗೇಟು: ಇಷ್ಟರಲ್ಲಿ ಒಂದು ಕಂಡರೂ ಅದೇ ದಿನ ಜಿಲ್ಲಾ ಆಸ್ಪತ್ರೆಗೆ ಫೋನ್ ಮಾಡುವ ಅಧಿಕಾರ ಅವರಿಗಿರಬೇಕು. ಹೊಟ್ಟೆಯ ಗಂಟನ್ನು ಮತ್ತೆ ಮತ್ತೆ ಒತ್ತಿ ನೋಡದೆ, ಸೂಜಿ ಚುಚ್ಚದೆ, ಮಗುವಿನ ತೂಕ, ರಕ್ತದೊತ್ತಡ, ಈವರೆಗೆ ಕೊಟ್ಟ ಔಷಧದ ಹೆಸರು ಬರೆದ ಚೀಟಿಯೊಂದಿಗೆ ಕಳಿಸಿಕೊಡಬೇಕು.