ಮಳೆಗಾಲದಲ್ಲೂ ಆಕಾಶ ನೋಡ್ಬೇಕು ಅನ್ನೋರಿಗೆ ಇಸಾ ಸ್ಕೈ

ತೀರ್ಥಹಳ್ಳಿ, ಆಗುಂಬೆ, ಹೊಸನಗರ ಕಡೆಯವ್ರಿಗೆ ಬಿಡಿಸಿ ಹೇಳೋದೇ ಬೇಡ, ಮೃಗಶಿರ ಮಳೆ ಹಿಡ್ಕೊಂತು ಅಂದ್ರೆ ದಸರಾ ತನಕ ಒಂದು ನಕ್ಷತ್ರ ನೆಟ್ಟಗೆ ಕಾಣಲ್ಲ. ಟೆಲಿಸ್ಕೋಪ್ ಇದ್ದೋರೂ ಅದನ್ನ ಒಣಗಿದ ಜಾಗದಲ್ಲಿ ಸುತ್ತಿಡಬೇಕು, ಇಲ್ಲಾಂದ್ರೆ ಲೆನ್ಸಿಗೆ ಬೂಷ್ಟು. ಅಷ್ಟೂ ತಿಂಗಳು ಖಗೋಳದ ಹುಚ್ಚಿರೋರಿಗೆ ಉಳಿಯೋದು ದೊಡ್ಡ ದೊಡ್ಡ ಟೆಲಿಸ್ಕೋಪುಗಳು ತೆಗೆದಿಟ್ಟಿರೋ ಡೇಟಾ ಆರ್ಕೈವುಗಳು, ಅಂದ್ರೆ ಚಿತ್ರ, ಅಳತೆಗಳ ಭಂಡಾರ.

ಇವು ಹೆಚ್ಚುಕಮ್ಮಿ ಎಲ್ಲಾ ಪುಕ್ಕಟೆ. ಜೇಮ್ಸ್ ವೆಬ್ ಅನ್ನೋ ಬಾಹ್ಯಾಕಾಶ ಟೆಲಿಸ್ಕೋಪ್ ನೋಡಿದ್ದು ಸಾಮಾನ್ಯವಾಗಿ ಒಂದು ವರ್ಷ ಅದನ್ನ ಕೇಳಿ ಪಡೆದ ವಿಜ್ಞಾನಿಗಳ ಕೈಲಿರತ್ತೆ, ಆಮೇಲೆ ಯಾರು ಬೇಕಾದ್ರೂ ಇಳಿಸ್ಕೋಬಹುದು. ಹಬಲ್, ಕೆಪ್ಲರ್, ಟೆಸ್ ಅನ್ನೋ ಬೇರೆ ಬಾಹ್ಯಾಕಾಶ ಟೆಲಿಸ್ಕೋಪುಗಳ ಡೇಟಾನೂ ಅಮೆರಿಕದ ಬಾಲ್ಟಿಮೋರಿನ ಮಾಸ್ಟ್ ಆರ್ಕೈವಲ್ಲಿ ಸಿಗತ್ತೆ. ಆದ್ರೆ ಹುಡುಕೋ ಪುಟ ತೆಗೆದ್ರೆ ಯಾವ ಉಪಕರಣ, ಯಾವ ಫಿಲ್ಟರ್, ಪ್ರಪೋಸಲ್ ನಂಬರ್ ಎಷ್ಟು ಅಂತ ಖಾನೆಗಳು. ಸಂಶೋಧನೆ ಮಾಡೋರಿಗೆ ಅದು ಬೇಕೇ ಬೇಕು, ಒಪ್ತೀನಿ, ಆದ್ರೆ ಹೈಸ್ಕೂಲ್ ಹುಡುಗ್ರು, ಮೇಷ್ಟ್ರುಗಳು ಅಲ್ಲಿಂದ ಶುರು ಮಾಡೋದು ಹೇಗೆ? ಸರ್ವೆ ನಂಬರ್ ಗೊತ್ತಿಲ್ದೆ ಪಹಣಿ ಹುಡುಕಿದಂಗೆ ಆಗತ್ತೆ.

ಯುರೋಪಿಯನ್ ಸ್ಪೇಸ್ ಏಜೆನ್ಸಿಯವ್ರ (ಇಸಾ) ಇಸಾ ಸ್ಕೈ ಅನ್ನೋ ವೆಬ್‌ಸೈಟ್ ನಂಗೆ ಹಿಡಿಸಿದ್ದು ಇದಕ್ಕೇ. 2016ರಲ್ಲಿ ಬಂದಿದ್ದು, ಅಕೌಂಟ್ ಬೇಡ, ದುಡ್ಡು ಬೇಡ, ತೆಗೆದ ಕೂಡ್ಲೇ ಇಡೀ ಆಕಾಶನೇ ಮುಂದೆ ನಿಲ್ಲತ್ತೆ. ಹೆಸರು ಹೊಡೆದ್ರೆ ಅಲ್ಲಿಗೆ ಹೋಗತ್ತೆ, ಹೆಸರು ಗೊತ್ತಿಲ್ಲಾಂದ್ರೆ ಬೆರಳಲ್ಲೇ ಎಳ್ಕೊಂಡು ಹೋಗಿ. ಆ ಜಾಗವನ್ನ ಯಾವ್ಯಾವ ಟೆಲಿಸ್ಕೋಪ್ ನೋಡಿದೆ ಅಂತ ಬಣ್ಣದ ಚೌಕಗಳಲ್ಲಿ ತೋರಿಸ್ತಾರೆ, ಡೇಟಾ ಜಾಸ್ತಿ ಇದ್ರೆ ಚೌಕನೂ ದೊಡ್ಡದು, ಒಂದನ್ನ ಒತ್ತಿದ್ರೆ ಆ ಟೆಲಿಸ್ಕೋಪ್ ನೋಡಿದ ಚೂರಿನ ಗೆರೆ ಆಕಾಶದ ಮೇಲೇ ಬೀಳತ್ತೆ.

ನಮ್ಮಣ್ಣನ ಮಗಳು ಒಂಬತ್ತನೇ ಕ್ಲಾಸು, ಮೊನ್ನೆ ಸೋನೆ ಹಿಡ್ಕೊಂಡಿದ್ದ ದಿನ ಅವಳ ಕೈಗೆ ಫೋನ್ ಕೊಟ್ಟು ಕುದುರೆತಲೆ ನೀಹಾರಿಕೆ ಹುಡುಕು ಅಂದೆ. ಮಹಾವ್ಯಾಧನ ಸೊಂಟದ ಮೂರು ನಕ್ಷತ್ರ ಅವಳಿಗೆ ಗೊತ್ತು, ಅಲ್ಲಿಂದ ಎಳೆದು ದೊಡ್ಡದು ಮಾಡ್ತಾ ಹೋದ್ಲು, ಕೆಂಪು ಹೊಗೆ ಮುಂದೆ ಕಪ್ಪು ಕುದುರೆ ತಲೆ ಬಂತು. ಅದೇ ಜಾಗನ ಹರ್ಷೆಲ್ ಟೆಲಿಸ್ಕೋಪು ಇನ್ಫ್ರಾರೆಡ್ ಅನ್ನೋ ಕಣ್ಣಿಗೆ ಕಾಣದ ಬೆಳಕಲ್ಲಿ ತೆಗೆದ ಆಕಾಶಕ್ಕೆ ಬದಲಾಯಿಸಿದ್ರೆ ಕಪ್ಪಗಿದ್ದ ತಲೆನೇ ಹೊಳೀತಿದೆ! "ಚಿಕ್ಕಪ್ಪ, ಇದು ಖಾಲಿ ಜಾಗ ಅಲ್ವಾ ಹಾಗಾದ್ರೆ?" ಅಂತ ಕೇಳಿದ್ಲು. ಅಲ್ಲ, ಹಿಂದಿನ ಬೆಳಕು ತಡೆಯೋ ತಣ್ಣನೆ ಧೂಳು, ಆ ಧೂಳೇ ಇನ್ಫ್ರಾರೆಡ್ಡಲ್ಲಿ ಹೊಳೆಯೋದು. ಪಾಠದ ಪುಸ್ತಕದಲ್ಲಿ ಎಷ್ಟು ಬರೆದ್ರೂ ಈ ಪ್ರಶ್ನೆ ಹುಟ್ಟಲ್ಲ. ಈ ಕುದುರೆತಲೆ ಸಿಕ್ಕಿದ್ದೂ 1888ರಲ್ಲಿ ವಿಲಿಯಮಿನಾ ಫ್ಲೆಮಿಂಗ್ ಅನ್ನೋ ಹೆಣ್ಣುಮಗಳು ಹಾರ್ವರ್ಡಲ್ಲಿ ಗಾಜಿನ ಫೋಟೋ ಪ್ಲೇಟು ನೋಡ್ತಿದ್ದಾಗ, ಯಾರೋ ತೆಗೆದಿಟ್ಟಿದ್ದನ್ನ ಇನ್ಯಾರೋ ಗಮನ ಇಟ್ಟು ನೋಡಿದ್ರಿಂದ.

ಹಳೇ ಕಾಲದ ಮಾತು ಅನ್ಕೋಬೇಡಿ. 2019ರಲ್ಲಿ ಶುರುವಾದ ಹಬಲ್ ಆಸ್ಟರಾಯ್ಡ್ ಹಂಟರ್ ಯೋಜನೆಯಲ್ಲಿ ಸಾಮಾನ್ಯ ಜನ ಹಬಲ್ಲಿನ ಹಳೇ ಚಿತ್ರಗಳಲ್ಲಿ ಕ್ಷುದ್ರಗ್ರಹದ ಗೀಟು ಗುರುತು ಮಾಡಿದ್ರು, ಅದನ್ನೇ ಕಂಪ್ಯೂಟರಿಗೆ ಕಲಿಸಿ ಒಟ್ಟು 1,701 ಗೀಟು ಸಿಕ್ತು. ಹುಡುಕೋದು ಸುಲಭ ಮಾಡಿದ್ರೆ ಮನೇಲಿ ಕೂತೋರೂ ಕೆಲಸಕ್ಕೆ ಬರ್ತಾರೆ ಅನ್ನೋದಕ್ಕೆ ಇನ್ನೇನು ಬೇಕು.

ನಮ್ಮ ಕಡೆ ನೆಟ್‌ವರ್ಕ್ ಗೊತ್ತಲ್ಲ, ಕರೆಂಟ್ ಹೋದ್ರೆ ಟವರ್ರೂ ಹೋಗತ್ತೆ. ಆದ್ರೂ ಇದು ತೆಗೆಯತ್ತೆ, ಯಾಕಂದ್ರೆ ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್ ಖಗೋಳ ಡೇಟಾ ಕೇಂದ್ರದವ್ರು ಮಾಡಿದ ಹಿಪ್ಸ್ ಅನ್ನೋ ಪದ್ಧತಿ ಇದರಲ್ಲಿದೆ. ಆಕಾಶನ ಮೊದಲು 12 ತುಂಡು ಮಾಡಿ, ಒಂದೊಂದನ್ನೂ 4, ಮತ್ತೆ 4 ಅಂತ ಸೀಳ್ತಾ ಹೋಗ್ತಾರೆ, ನೀವು ನೋಡ್ತಿರೋ ತುಂಡು ಮಾತ್ರ ಫೋನಿಗೆ ಬರತ್ತೆ. ಸಿಗ್ನಲ್ ಒಂದೇ ಕಡ್ಡಿ ಇದ್ರೆ ಮೊದಲು ಮಸುಕಾಗಿ ಕಾಣತ್ತೆ, ಆಮೇಲೆ ನಿಧಾನಕ್ಕೆ ತಿಳಿಯಾಗತ್ತೆ, ಸ್ವಲ್ಪ ಕಾಯ್ಬೇಕು ಅಷ್ಟೆ.

ಬೇಜಾರಿನ ಸಂಗತಿನೂ ಇದೆ. ಚೌಕ ಒತ್ತಿದ ಮೇಲೆ ಬರೋ ಪಟ್ಟಿ ಮತ್ತದೇ ವಿಜ್ಞಾನಿಗಳ ಭಾಷೆ, ಯಾವ ಸಾಲು ಏನು ಅಂತ ಹೊಸಬ್ರಿಗೆ ತಿಳಿಯಲ್ಲ. ಡೌನ್‌ಲೋಡ್ ಮಾಡಿದ್ರೆ ಬರೋದು ಖಗೋಳ ವಿಜ್ಞಾನಿಗಳು ಬಳಸೋ ಫಿಟ್ಸ್ ಅನ್ನೋ ಥರದ ಫೈಲು, ಅದು ಫೋನಿನ ಗ್ಯಾಲರಿಯಲ್ಲಿ ತೆರೆಯಲ್ಲ, ಬೇರೆ ಸಾಫ್ಟ್‌ವೇರ್ ಬೇಕು. ಕೃತ್ತಿಕೆ, ಆರಿದ್ರಾ ಅಂತ ಕನ್ನಡದಲ್ಲಿ ಹೊಡೆದ್ರೆ ಸಿಗಲ್ಲ, ಕೃತ್ತಿಕೆಗೆ ಎಂ 45, ಆರಿದ್ರಾಕ್ಕೆ ಬೀಟಲ್‌ಜ್ಯೂಸ್ ಅಂತ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು. ಮಕ್ಕಳಿಗೆ ತೋರಿಸೋ ಮೇಷ್ಟ್ರುಗಳು ಒಂದು ಹಾಳೇಲಿ ಹೆಸರು ಬರೆದಿಟ್ಕೊಂಡ್ರೆ ಒಳ್ಳೇದು.

ನಂಗೆ ನಿಜವಾಗ್ಲೂ ಆಸೆ ಇರೋದು ನಮ್ಮ ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ ಬಗ್ಗೆ. 2015ರ ಸೆಪ್ಟೆಂಬರ್ 28ಕ್ಕೆ ಹಾರಿದ್ದು, ಅದರ ಡೇಟಾ ಇರೋದು ಬೆಂಗಳೂರು ಪಕ್ಕದ ಬ್ಯಾಲಾಳಲ್ಲಿ, ನಮ್ಮ ಕರ್ನಾಟಕದಲ್ಲೇ. ಈಗ ಅಕೌಂಟ್ ಮಾಡ್ಕೊಂಡು ಒಳಗೆ ಹೋಗಿ ಹುಡುಕಬೇಕು. ಅದನ್ನೂ ಹೀಗೇ ಬೆರಳಲ್ಲಿ ಎಳೆಯೋ ಆಕಾಶದ ಮೇಲೆ, ಕನ್ನಡ ಹೆಸರು ಹೊಡೆದ್ರೆ ಸಿಗೋ ಥರ ಇಸ್ರೋದವ್ರು ಇಟ್ಟುಕೊಡಬೇಕು ಅಂತ ಕೇಳ್ಕೋತೀನಿ, ಹಾಗೇನಾದ್ರೂ ಮಾಡಿದ್ರೆ ನಮ್ಮೂರ ಸ್ಕೂಲಲ್ಲಿ ಮೊದಲು ತೋರಿಸೋನು ನಾನೇ.