ರಥಬೀದಿ ಹತ್ತಿರದ ಮೆಡಿಕಲ್, ಅಲ್ಲಿ ಕೂತಿದ್ದ ಮಾಮ

ಮಂಗಳೂರಿನ ರಥಬೀದಿ ಹತ್ತಿರದ ಈ ಮೆಡಿಕಲ್ ಅಂಗಡಿಗೆ ಮೊದಲ ಸಲ ಹೋಗುವವರಿಗೆ ಒಂದು ವಿಷಯ ಹೇಳಿಬಿಡುತ್ತೇನೆ. ಮದ್ದಿನ ಹೆಸರು ಹೇಳಿದ ಕೂಡಲೇ ಅದು ಕೈಗೆ ಬರುವುದಿಲ್ಲ. ಮೊದಲು "ಯಾರಿಗೆ ಇದು?" ಅಂತ ಕೇಳುತ್ತಾರೆ. ಅರ್ಜೆಂಟಿನಲ್ಲಿ ಇದ್ದವರಿಗೆ ಕಿರಿಕಿರಿ ಆಗಬಹುದು. ಕಾಲೇಜಿಗೆ ಹೋಗುವಾಗ ನನಗೂ ಆಗುತ್ತಿತ್ತು. ಆದರೆ ಆ ಒಂದು ಪ್ರಶ್ನೆ ಕೇಳಿಕೊಂಡೇ ಮಾಮ ಐವತ್ತು ವರ್ಷಕ್ಕೂ ಜಾಸ್ತಿ ಅಲ್ಲಿ ಮದ್ದು ಕೊಟ್ಟದ್ದು. ಹೋದ ತಿಂಗಳು ಅವರು ತೀರಿಕೊಂಡರು. ತೊಂಬತ್ತರ ಹತ್ತಿರ ಆಗಿತ್ತು. ಹೆಸರು ಬರೆಯುವುದಿಲ್ಲ, ನಮಗೆಲ್ಲ ಅವರು ಮಾಮ, ಅಷ್ಟೇ.

ಅಂಗಡಿ ತುಂಬ ಚಿಕ್ಕದು. ಎದುರಿಗೆ ಇಬ್ಬರು ನಿಂತರೆ ಮೂರನೆಯವರು ರಸ್ತೆಯಲ್ಲಿ. ಗಾಜಿನ ಕೌಂಟರಿನ ಮೇಲೆ ಮಾಮನ ಕೈ ಊರಿ ಊರಿ ಒಂದು ಕಡೆ ಗಾಜು ಮಂಜಾಗಿದೆ. ಈಗ ಅವರ ಮಗಳು ನೋಡಿಕೊಳ್ಳುತ್ತಾರೆ. ಬಿ.ಫಾರ್ಮ್ ಓದಿದವರು, ಅಪ್ಪನ ಹಾಗೆಯೇ ಮಾತು ಕಡಿಮೆ, ಪ್ರಶ್ನೆ ಜಾಸ್ತಿ.

ಅಮ್ಮ ಮದುವೆಯಾಗಿ ಇಲ್ಲಿಗೆ ಬಂದ ಕಾಲದಲ್ಲಿ ಡಾಕ್ಟರ ಚೀಟಿ ನೋಡಿ ಮಾಮನೇ ಮಿಕ್ಸ್ಚರ್ ಮಾಡಿ ಕೊಡುತ್ತಿದ್ದರಂತೆ. ಮನೆಯಿಂದ ತೊಳೆದು ಒಣಗಿಸಿದ ಬಾಟ್ಲಿ ತೆಗೆದುಕೊಂಡು ಹೋಗಬೇಕು. ಬಾಟ್ಲಿಯ ಹೊರಗೆ ಉದ್ದಕ್ಕೆ ಒಂದು ಕಾಗದದ ಪಟ್ಟಿ ಅಂಟಿಸುತ್ತಿದ್ದರು, ಅದರ ಅಂಚಿಗೆ ಕತ್ತರಿಯಿಂದ ಹಲ್ಲು ಹಲ್ಲು ಮಾಡಿ. ಒಂದು ಹಲ್ಲು ಅಂದರೆ ಒಂದು ಹೊತ್ತಿನ ಮದ್ದು. ಓದಲು ಬಾರದ ಅಜ್ಜಿಯಂದಿರಿಗೂ ಲೆಕ್ಕ ತಪ್ಪುತ್ತಿರಲಿಲ್ಲ. ಅಂಥ ಒಂದು ಖಾಲಿ ಬಾಟ್ಲಿ ನಮ್ಮ ಅಟ್ಟದಲ್ಲಿ ಈಗಲೂ ಉಂಟು, ಪಟ್ಟಿ ಅರ್ಧ ಹರಿದಿದೆ.

ನನಗೆ ಸರಿಯಾಗಿ ನೆನಪಿರುವುದು ಮಲೇರಿಯಾದ ದಿನಗಳು. 1990ರ ದಶಕದಲ್ಲಿ ಮಂಗಳೂರಿನಲ್ಲಿ ಕಟ್ಟಡದ ಕೆಲಸ ಜೋರಾಗಿ ನಡೆಯುತ್ತಿತ್ತು, ಎಲ್ಲಿ ನೋಡಿದರೂ ನೀರು ನಿಂತ ಟ್ಯಾಂಕಿ, ಮನೆಗೊಬ್ಬರಿಗೆ ಚಳಿ ಜ್ವರ. ಅಪ್ಪನಿಗೂ ಬಂತು. ಡಾಕ್ಟರು ಮೂರು ದಿನ ಕ್ಲೋರೋಕ್ವಿನ್, ಹದಿನಾಲ್ಕು ದಿನ ಪ್ರಿಮಾಕ್ವಿನ್ ಬರೆದುಕೊಟ್ಟಿದ್ದರು. ಜ್ವರ ಬಿಟ್ಟಿತು, ಅಪ್ಪ ಐದನೇ ದಿನ ಗುಳಿಗೆಯನ್ನೂ ಬಿಟ್ಟರು. ಎರಡು ತಿಂಗಳಾದ ಮೇಲೆ ಪುನಃ ಅದೇ ನಡುಕ, ಮೂರು ಕಂಬಳಿ ಹೊದೆಸಿದರೂ ನಿಲ್ಲಲಿಲ್ಲ.

ಅಪ್ಪ ಆಫೀಸಿನ ಹತ್ತಿರದ ಅಂಗಡಿಯಲ್ಲಿ ಮದ್ದು ತೆಗೆದುಕೊಂಡದ್ದು, ಅಲ್ಲಿ ಯಾರೂ ಏನೂ ಹೇಳಿರಲಿಲ್ಲ. ಎರಡನೇ ಸಲ ಚೀಟಿ ಹಿಡಿದುಕೊಂಡು ನಾನೇ ಮಾಮನ ಹತ್ತಿರ ಹೋದೆ. ಅವರು ಕೇಳಿದ ಮೊದಲ ಮಾತು, "ರಕ್ತ ಪರೀಕ್ಷೆ ಆಗಿದೆಯಾ, ಹೋದ ಸಲ ಎಷ್ಟು ಗುಳಿಗೆ ಉಳಿಯಿತು?" ನಾನು ಹೇಳಿದೆ. ಆಗ ಅವರು, "ನೋಡು ಮಗಾ, ಈ ಜಾತಿಯ ಮಲೇರಿಯಾ ಲಿವರಿನಲ್ಲಿ ಅಡಗಿ ಕೂತಿರ್ತದೆ. ಕ್ಲೋರೋಕ್ವಿನ್ ರಕ್ತದಲ್ಲಿ ಇರುವುದನ್ನು ಮಾತ್ರ ಕೊಲ್ಲುವುದು. ಅಡಗಿದ್ದಕ್ಕೆ ಈ ಹದಿನಾಲ್ಕು ದಿನದ್ದು ಬೇಕು" ಅಂದರು. ಕಾಗದದ ಕವರಿನ ಮೇಲೆ 1ರಿಂದ 14ರವರೆಗೆ ಬರೆದು, ಊಟ ಆದ ಮೇಲೆ ಗುಳಿಗೆ ಕೊಟ್ಟು ಪ್ರತಿ ದಿನ ಒಂದೊಂದು ಅಂಕಿಯನ್ನು ನೀನೇ ಹೊಡೆದು ಹಾಕಬೇಕು, ಅಪ್ಪನ ಕೈಗೆ ಪೆನ್ಸಿಲ್ ಕೊಡಬೇಡ ಅಂತ ಹೇಳಿ ಕಳಿಸಿದರು. ಕವರನ್ನು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದ್ದೆ. ಹದಿನಾಲ್ಕೂ ಮುಗಿಯಿತು. ಅಪ್ಪನಿಗೆ ಆಮೇಲೆ ಮಲೇರಿಯಾ ಬರಲಿಲ್ಲ.

ಇನ್ನೊಂದು, ನಮ್ಮ ಅಜ್ಜಿಯ ಇನ್ಸುಲಿನ್ ವಿಷಯ. ಇದನ್ನು ಸಕ್ಕರೆ ಕಾಯಿಲೆಯವರು ಇರುವ ಮನೆಯವರು ದಯವಿಟ್ಟು ಓದಿ. ಒಂದು ಸಲ ಮಾಮನ ಅಂಗಡಿ ಮುಚ್ಚಿತ್ತು ಅಂತ ಬೇರೆ ಕಡೆಯಿಂದ ಸಿರಿಂಜ್ ತಂದೆ. ಕೇಳಿದೆ, ಕೊಟ್ಟರು, ಸುಮ್ನೆ ತೆಗೆದುಕೊಂಡು ಬಂದೆ. ನಾಲ್ಕೈದು ದಿನದಲ್ಲಿ ಅಜ್ಜಿಯ ಶುಗರ್ ಏರಿತು. ಊಟ ಅದೇ, ಇನ್ಸುಲಿನ್ ಅದೇ, ಅಜ್ಜಿ ಕದ್ದು ಲಡ್ಡು ತಿಂದರಾ ಅಂತ ಅವರನ್ನೇ ಗದರಿದ್ದೆವು. ಪಾಪ.

ಮಾಮನ ಹತ್ತಿರ ಹೇಳಿದಾಗ ಅವರು ಬಾಟ್ಲಿ, ಸಿರಿಂಜ್ ಎರಡನ್ನೂ ತರಲು ಹೇಳಿದರು. ನೋಡಿದವರೇ ಒಳಗಿನಿಂದ ಇನ್ನೊಂದು ಸಿರಿಂಜ್ ತಂದು ಗಾಜಿನ ಮೇಲೆ ಪಕ್ಕಪಕ್ಕ ಇಟ್ಟರು. ಒಂದರ ಮುಚ್ಚಳ ಕೆಂಪು, ನಾನು ತಂದದ್ದರ ಮುಚ್ಚಳ ಕಿತ್ತಳೆ. ಕೆಂಪು 40 ಯುನಿಟ್‌ನ ಇನ್ಸುಲಿನ್‌ಗೆ, ಕಿತ್ತಳೆ 100 ಯುನಿಟ್‌ನದ್ದಕ್ಕೆ. ಅಜ್ಜಿಯ ಬಾಟ್ಲಿಯಲ್ಲಿ ಮಿಲಿ ಲೀಟರಿಗೆ 40 ಅಂತ ಇತ್ತು. ಅದನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯುನಿಟ್. ಇಷ್ಟು ದಿನ ಅಜ್ಜಿಗೆ ಅರ್ಧಕ್ಕಿಂತ ಕಡಿಮೆ ಮದ್ದು ಹೋಗಿತ್ತು. ಮಾಮ ನನಗೆ ಒಂದು ಮಾತೂ ಬೈಯಲಿಲ್ಲ. "ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಹೇಳು, ಮತ್ತೆ ಅಜ್ಜಿಯ ಹತ್ತಿರ ತಪ್ಪಾಯ್ತು ಅಂತ ಹೇಳು" ಅಂದರು. ಎರಡನ್ನೂ ಮಾಡಿದೆ.

ಆ ಅಂಗಡಿಯ ಫ್ರಿಜ್ ಬಗ್ಗೆಯೂ ಹೇಳಬೇಕು. ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೆ ಇರಬೇಕು. ಒಳಗೆ ಥರ್ಮಾಮೀಟರ್, ಬಾಗಿಲಿಗೆ ದಾರದಲ್ಲಿ ಕಟ್ಟಿದ ಒಂದು ಪುಸ್ತಕ, ಬೆಳಿಗ್ಗೆ ಸಂಜೆ ಎಷ್ಟು ಡಿಗ್ರಿ ಅಂತ ಬರೆಯುತ್ತಿದ್ದರು. ಶುಕ್ರವಾರ ಮಾಮ ಮಾಮಿಗೆ ಅಂತ ಒಂದು ಚೆಂಡು ಮಲ್ಲಿಗೆ ಕೊಳ್ಳುತ್ತಿದ್ದರು, ಮಳೆಗಾಲದಲ್ಲಿ ಎಷ್ಟು ರೇಟ್ ಇದ್ದರೂ ಸರಿ. ಎಪ್ರಿಲಿನ ಸೆಕೆಯಲ್ಲಿ ಹೂ ಬಾಡುತ್ತದಲ್ವಾ, ಫ್ರಿಜ್ಜಿನಲ್ಲಿ ಇಡಿ ಅಂತ ನಾನೊಮ್ಮೆ ಹೇಳಿದೆ. "ಇದರಲ್ಲಿ ಮದ್ದು ಬಿಟ್ಟು ಬೇರೆ ಏನೂ ಇಡುವುದಿಲ್ಲ" ಅಂದರು. ಮಲ್ಲಿಗೆ ಬಾಳೆಲೆಯ ಕಟ್ಟಿನಲ್ಲಿ ನೀರಿನ ಹೂಜಿಯ ಪಕ್ಕ ಇರುತ್ತಿತ್ತು, ರಾತ್ರಿ ಬಾಗಿಲು ಹಾಕುವವರೆಗೆ.

ಮಾಮಿ ಮಧ್ಯಾಹ್ನ ಬುತ್ತಿ ತರುತ್ತಿದ್ದರು. ಮಾಮ ಪರದೆಯ ಹಿಂದೆ ಊಟ ಮಾಡುವಾಗ ಮಾಮಿ ಕೌಂಟರಿನ ಹತ್ತಿರ ಕೂರುತ್ತಿದ್ದರು, ಆದರೆ ಒಂದು ಗುಳಿಗೆಯನ್ನೂ ಮುಟ್ಟುತ್ತಿರಲಿಲ್ಲ, "ಹತ್ತು ನಿಮಿಷ ಕೂತ್ಕೊಳ್ಳಿ, ಅವರು ಬರ್ತಾರೆ" ಅಂತಷ್ಟೇ. ಮೂರು ಮಕ್ಕಳೂ ಮದ್ದಿನ ಖಾಲಿ ರಟ್ಟಿನ ಪೆಟ್ಟಿಗೆ ಮೇಲೆ ಪುಸ್ತಕ ಇಟ್ಟು ಹೋಮ್‌ವರ್ಕ್ ಮಾಡಿದವರು. ಕೊಡಿಯಾಲ ತೇರು, ಅಂದರೆ ರಥಬೀದಿಯ ವೆಂಕಟರಮಣ ದೇವಸ್ಥಾನದ ರಥೋತ್ಸವದ ದಿನ ಇಡೀ ಮನೆಯವರು ದೇವಸ್ಥಾನದಲ್ಲಿ, ಆದರೂ ಮಾಮ ಸಂಜೆ ಒಂದು ಗಂಟೆ ಹೊತ್ತು ಬಾಗಿಲು ತೆರೆಯುತ್ತಿದ್ದರು, ಯಾರಿಗಾದರೂ ಬೇಕಾದರೆ ಅಂತ.

2014ರಲ್ಲಿ ಕೆಲವು ಆ್ಯಂಟಿಬಯೋಟಿಕ್, ನಿದ್ದೆ ಗುಳಿಗೆಗಳಿಗೆ ಶೆಡ್ಯೂಲ್ ಎಚ್1 ಅನ್ನುವ ಸರಕಾರದ ನಿಯಮ ಬಂದಾಗ ಮಾಮನಿಗೆ ಎಪ್ಪತ್ತು ದಾಟಿತ್ತು. ಡಾಕ್ಟರ ಹೆಸರು, ರೋಗಿಯ ಹೆಸರು, ಮದ್ದು ಎಷ್ಟು, ಎಲ್ಲ ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡಬೇಕು. ದುಂಡಗಿನ ಅಕ್ಷರದಲ್ಲಿ ಅವರೇ ಬರೆಯುತ್ತಿದ್ದರು. ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಯಾರು ಕೇಳಿದರೂ ಇಲ್ಲ. ಅದಕ್ಕೆ ಗಿರಾಕಿ ಕಳೆದುಕೊಂಡದ್ದೂ ಉಂಟು, ನನ್ನೆದುರೇ ಜಗಳ ಮಾಡಿಕೊಂಡು ಹೋದವರಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಅವರನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಬಿ.ಪಿ., ಶುಗರಿನ ಮದ್ದು ಯಾರದ್ದು ಯಾವಾಗ ಮುಗಿಯುತ್ತದೆ ಅಂತ ಅವರ ಪುಸ್ತಕದಲ್ಲಿ ಇತ್ತಲ್ಲ, ಮನೆಯಲ್ಲೇ ಕೂತು ಒಬ್ಬೊಬ್ಬರಿಗೆ ಫೋನ್ ಮಾಡಿದರು. ನಮ್ಮ ಮನೆಗೂ ಬಂತು ಆ ಫೋನ್.

ಈಗಿನ ಅಂಗಡಿಯ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಆ್ಯಪಿನಲ್ಲಿ ಸಿಗುವಷ್ಟು ಡಿಸ್ಕೌಂಟ್ ಇಲ್ಲ. ಗಾಡಿ ನಿಲ್ಲಿಸಲು ಜಾಗ ಇಲ್ಲ. ಅಪರೂಪದ ಮದ್ದು ಬೇಕಾದರೆ ಬೆಳಿಗ್ಗೆ ಹೇಳಿ ಸಂಜೆ ಹೋಗಬೇಕು. ಆದಿತ್ಯವಾರ ಮಧ್ಯಾಹ್ನ ಬಂದ್. ಫೋನ್‌ಪೇ, ಗೂಗಲ್‌ಪೇ ನಡೆಯುತ್ತದೆ. ಹತ್ತು ಗುಳಿಗೆಯ ಸ್ಟ್ರಿಪ್‌ನಲ್ಲಿ ಐದು ಸಾಕು ಅಂದರೆ ಕತ್ತರಿಸಿ ಕೊಡುತ್ತಾರೆ, ಎಕ್ಸ್‌ಪೈರಿ ತಾರೀಕು ಇರುವ ತುಂಡನ್ನು ಕೊನೆಯವರೆಗೆ ಕತ್ತರಿಸುವುದಿಲ್ಲ.

ಹೋದ ವಾರ ಅಮ್ಮನ ಬಿ.ಪಿ. ಗುಳಿಗೆಗೆ ಹೋಗಿದ್ದೆ. ಅಮ್ಲೋಡಿಪಿನ್, ಹೊಸದಾಗಿ ಬರೆದುಕೊಟ್ಟದ್ದು. ಮಾಮನ ಕುರ್ಚಿ ಅಲ್ಲೇ ಇತ್ತು, ಖಾಲಿ. ಮಗಳು ಚೀಟಿ ನೋಡಿ, "ಯಾರಿಗೆ ಇದು, ಅಮ್ಮನಿಗಾ?" ಅಂದರು. ಹೌದು ಅಂದೆ. "ಪಾದದ ಗಂಟಿನ ಹತ್ತಿರ ಊತ ಬರ್ತದಾ ಅಂತ ದಿನಾ ನೋಡಿ. ಬಂದರೆ ಗುಳಿಗೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ."

ಆವತ್ತಿನಿಂದ ದಿನಾ ಅಮ್ಮನ ಕಾಲು ನೋಡುತ್ತಿದ್ದೆ. ಇವತ್ತು ಸ್ವಲ್ಪ ಊತ ಇತ್ತು. ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ.