ಲಾರಾವೆಲ್‌ನ ‘ಕನ್ಫರ್ಮ್ಡ್’ ನಿಯಮ: ಆರು ವರ್ಷ ಬಳಸಿದ ಮೇಲೆ

ಹೊಸ ಖಾತೆ ತೆರೆಯುವಾಗ ಪಾಸ್‌ವರ್ಡ್ ಎರಡು ಸಲ ಕೇಳುತ್ತೇವೆ. ಎರಡೂ ಒಂದೇನಾ ಅಂತ ಸರ್ವರ್ ನೋಡಬೇಕು. ಪಿಎಚ್‌ಪಿ ಭಾಷೆಯಲ್ಲಿ ವೆಬ್ ತಾಣ ಕಟ್ಟುವ ಫ್ರೇಮ್‌ವರ್ಕ್ ಲಾರಾವೆಲ್‌ನಲ್ಲಿ ಇದಕ್ಕೆ ಒಂದೇ ಪದ ಸಾಕು: ಕನ್ಫರ್ಮ್ಡ್. ಪಾಸ್‌ವರ್ಡ್ ಫೀಲ್ಡ್‌ನ ನಿಯಮಗಳಲ್ಲಿ ಇದನ್ನು ಸೇರಿಸಿದರೆ ಆಯ್ತು, ‘ಪಾಸ್‌ವರ್ಡ್_ಕನ್ಫರ್ಮೇಶನ್’ ಎಂಬ ಫೀಲ್ಡನ್ನು ಅದೇ ಹುಡುಕಿಕೊಂಡು ಹೋಲಿಸುತ್ತದೆ. ಆರು ವರ್ಷಗಳಲ್ಲಿ ನಾನು ಮಾಡಿದ ಪ್ರತಿ ಪ್ರಾಜೆಕ್ಟ್‌ನಲ್ಲೂ ಈ ಪದ ಇದೆ.

ಅದಕ್ಕೂ ಮೊದಲು ನಾನೇ ಪಿಎಚ್‌ಪಿಯಲ್ಲಿ ಒಂದು ಇಫ್ (ಹೀಗಿದ್ದರೆ ಹೀಗೆ ಮಾಡು ಎನ್ನುವ ಷರತ್ತು) ಬರೆದುಕೊಳ್ಳುತ್ತಿದ್ದೆ. ಎರಡು ಸಮ ಚಿಹ್ನೆ ಹಾಕಿದ ಇಫ್. ನೋಡೋಕೆ ಸರಿಯಾಗೇ ಇತ್ತು. ಆದರೆ ಪಿಎಚ್‌ಪಿಗೆ ಎರಡೂ ಕಡೆ ಸಂಖ್ಯೆಯಂಥ ಅಕ್ಷರಗಳು ಸಿಕ್ಕರೆ ಅದು ಸಂಖ್ಯೆಯಾಗಿಯೇ ಹೋಲಿಸುತ್ತದೆ. ಒಂದು ಬಾಕ್ಸ್‌ನಲ್ಲಿ ‘1000’, ಇನ್ನೊಂದರಲ್ಲಿ ‘1ಇ3’ ಎಂಬ ಘಾತ ರೂಪ ಬರೆದರೆ ಎರಡೂ ಒಂದೇ ಎನ್ನುತ್ತದೆ. ಮೂರು ಸಮ ಚಿಹ್ನೆ ಹಾಕಿದರೆ ಮಾತ್ರ ಅಕ್ಷರ ಅಕ್ಷರವನ್ನೇ ನೋಡುತ್ತದೆ. ಕನ್ಫರ್ಮ್ಡ್ ಒಳಗಿನ ಕೋಡ್ ತೆರೆದು ನೋಡಿದಾಗ ಅಲ್ಲಿ ಮೂರು ಚಿಹ್ನೆ ಇತ್ತು. ಆ ದಿನವೇ ನನ್ನ ಇಫ್‌ಗಳನ್ನೆಲ್ಲ ತೆಗೆದು ಹಾಕಿದೆ.

ಎರಡನೇ ಫೀಲ್ಡ್ ಬರದೇ ಇದ್ದರೆ ಏನು ಮಾಡುತ್ತದೆ ಅನ್ನೋದು ನನಗೆ ಇನ್ನೂ ಮುಖ್ಯ. ರೂಬಿ ಭಾಷೆಯ ಫ್ರೇಮ್‌ವರ್ಕ್ ರೈಲ್ಸ್‌ನಲ್ಲಿ ಇದೇ ಥರದ ಪರಿಶೀಲನೆ ಇದೆ. ಅಲ್ಲಿ ಎರಡನೇ ಮೌಲ್ಯ ಬರಲೇ ಇಲ್ಲ ಅಂದರೆ ಹೋಲಿಕೆ ನಡೆಯುವುದೇ ಇಲ್ಲ, ಅದು ಕಡ್ಡಾಯ ಅಂತ ಬೇರೆ ಸಾಲು ಬರೆಯಬೇಕು. ಕನ್ಫರ್ಮ್ಡ್ ಹಾಗಲ್ಲ. ಎರಡನೆಯದು ಇಲ್ಲ ಎಂದರೆ ಸೋತಿತು, ಅಷ್ಟೇ. ಬ್ರೌಸರ್‌ನ ಜಾವಾಸ್ಕ್ರಿಪ್ಟ್ ತಪಾಸಣೆಯನ್ನು ಯಾರು ಬೇಕಾದರೂ ದಾಟಿ ಬರಬಹುದು. ಹಾಗಿರುವಾಗ ಸರ್ವರ್ ಹೀಗೆ ಗಟ್ಟಿಯಾಗಿ ಇರಬೇಕು ಅಲ್ವಾ?

ಇದನ್ನು ಪರೀಕ್ಷಿಸುವ ನನ್ನ ಪದ್ಧತಿ ಒಂದಿದೆ. ಫಾರ್ಮ್ ಸಿದ್ಧವಾದ ಕೂಡಲೇ ಬ್ರೌಸರ್ ಮುಚ್ಚುತ್ತೇನೆ. ಟರ್ಮಿನಲ್ ತೆರೆದು ಪರೀಕ್ಷಾ ಸರ್ವರ್‌ಗೆ ಕರ್ಲ್ (ಬ್ರೌಸರ್ ಇಲ್ಲದೆ ವೆಬ್ ವಿನಂತಿ ಕಳಿಸುವ ಸಾಧನ) ಮೂಲಕ ಮೂರು ಸಲ ವಿನಂತಿ ಕಳಿಸುತ್ತೇನೆ. ಮೊದಲು ಎರಡೂ ಸರಿ ಇರುವುದು. ಆಮೇಲೆ ಒಂದೇ ಒಂದು ಅಕ್ಷರದ ವ್ಯತ್ಯಾಸ, ಅದೂ ಕೊನೆಯ ಅಕ್ಷರ. ಮೂರನೆಯದರಲ್ಲಿ ಎರಡನೇ ಫೀಲ್ಡೇ ಇರುವುದಿಲ್ಲ. ಕೊನೆಯ ಎರಡರ ಉತ್ತರದಲ್ಲಿ 422, ಅಂದರೆ ತಪಾಸಣೆಯಲ್ಲಿ ಸೋತಿತು ಎಂಬ ಸಂಕೇತ, ಬಂದಾಗ ಒಂದು ಸಮಾಧಾನ. ಬೆಳಗಿನ ಮೊದಲ ಕೆಲಸವಾಗಿ ಇದನ್ನು ಮಾಡೋದು ನನಗಿಷ್ಟ. ತಲೆ ಚುರುಕಾಗಿರುತ್ತದೆ, ಯಾರೂ ಕರೆ ಮಾಡುವುದಿಲ್ಲ, ಪರದೆ ಮೇಲೆ ಮೂರು ಸಾಲು ಉತ್ತರ ಮಾತ್ರ.

ಎರಡು ವರ್ಷದ ಹಿಂದಿನವರೆಗೆ ನನ್ನ ವಿಮರ್ಶೆ ಇಲ್ಲಿಗೇ ಮುಗಿಯುತ್ತಿತ್ತು.

ಆಗ ಒಂದು ತಾಣಕ್ಕೆ ಪಾಸ್‌ವರ್ಡ್ ಬದಲಿಸುವ ಪುಟ ಬರೆದೆ. ಹಳೆಯದಕ್ಕೂ ಹೊಸದಕ್ಕೂ ಗೊಂದಲ ಬೇಡ ಅಂತ ಫೀಲ್ಡ್‌ಗೆ ‘ನ್ಯೂ_ಪಾಸ್‌ವರ್ಡ್’ ಎಂದು ಹೆಸರಿಟ್ಟೆ. ಕನ್ಫರ್ಮ್ಡ್ ಅದಕ್ಕೂ ಸರಿಯಾಗಿ ಕೆಲಸ ಮಾಡಿತು, ಕರ್ಲ್ ಪರೀಕ್ಷೆ ಮೂರೂ ಸರಿ ಬಂದವು. ಕೆಲವು ವಾರಗಳ ನಂತರ ಒಬ್ಬ ಬಳಕೆದಾರರಿಂದ ದೂರು ಬಂತು. ಪಾಸ್‌ವರ್ಡ್ ಬದಲಾಯಿತು ಅಂತ ಸಂದೇಶ ಬರುತ್ತದೆ, ಆದರೆ ಅದರಿಂದ ಲಾಗಿನ್ ಆಗೋದಿಲ್ಲ. ಅವರು ಮೂರು ಸಲ ಬದಲಿಸಿದ್ದರು. ನಾನು ಎರಡು ದಿನ ಹುಡುಕಿದೆ.

ಅವರು ಪಾಸ್‌ವರ್ಡನ್ನು ಬೇರೆ ಕಡೆಯಿಂದ ಕಾಪಿ ಮಾಡಿ ಹಾಕುತ್ತಿದ್ದರು. ಕೊನೆಯಲ್ಲಿ ಒಂದು ಖಾಲಿ ಜಾಗ ಸೇರಿಕೊಂಡಿತ್ತು. ಲಾರಾವೆಲ್ ಒಳಗೆ ಬರುವ ಪ್ರತಿ ಪಠ್ಯದ ಆಚೀಚೆ ಇರುವ ಖಾಲಿ ಜಾಗವನ್ನು ಕತ್ತರಿಸುತ್ತದೆ. 2017ರ 5.4 ಆವೃತ್ತಿಯಿಂದಲೂ ಹೀಗೇ. ಪಾಸ್‌ವರ್ಡ್‌ಗಳನ್ನು ಮಾತ್ರ ಮುಟ್ಟುವುದಿಲ್ಲ. ಆದರೆ ಯಾವುದು ಪಾಸ್‌ವರ್ಡ್ ಅಂತ ಅದಕ್ಕೆ ಗೊತ್ತಾಗುವುದು ಹೆಸರಿನಿಂದ. ಪಟ್ಟಿಯಲ್ಲಿ ಮೂರೇ ಹೆಸರು: ಕರೆಂಟ್_ಪಾಸ್‌ವರ್ಡ್, ಪಾಸ್‌ವರ್ಡ್, ಪಾಸ್‌ವರ್ಡ್_ಕನ್ಫರ್ಮೇಶನ್. ನನ್ನ ಹೊಸ ಹೆಸರು ಅದರಲ್ಲಿರಲಿಲ್ಲ. ಹಾಗಾಗಿ ಬದಲಿಸುವ ಪುಟದಲ್ಲಿ ಎರಡೂ ಬಾಕ್ಸ್‌ಗಳ ಖಾಲಿ ಜಾಗ ಕತ್ತರಿಸಿ ಹೋಯಿತು, ಹೋಲಿಕೆ ಸರಿ ಬಂತು, ಕತ್ತರಿಸಿದ್ದರ ಹ್ಯಾಷ್ (ಪಾಸ್‌ವರ್ಡ್ ಬದಲು ಉಳಿಸಿಡುವ, ಹಿಂದಕ್ಕೆ ಬಿಡಿಸಲಾಗದ ಗುರುತು) ಉಳಿಯಿತು. ಲಾಗಿನ್ ಪುಟದ ಫೀಲ್ಡ್ ಹೆಸರು ಪಾಸ್‌ವರ್ಡ್. ಅಲ್ಲಿ ಖಾಲಿ ಜಾಗ ಹಾಗೇ ಉಳಿದು ಹ್ಯಾಷ್ ಹೊಂದಲಿಲ್ಲ.

ಇದು ಸಿಕ್ಕಾಗ ನಿರಾಳವಾಯಿತು. ಮುಂದೆ ಸಿಕ್ಕಿದ್ದು ನೋಡಿ ಹೆದರಿಕೆಯಾಯಿತು. ತಪಾಸಣೆ ಸೋತಾಗ ಲಾರಾವೆಲ್ ಬಳಕೆದಾರ ಬರೆದದ್ದನ್ನು ಸೆಷನ್‌ನಲ್ಲಿ (ಆ ಬಳಕೆದಾರರಿಗಾಗಿ ತಾತ್ಕಾಲಿಕವಾಗಿ ಇಡುವ ಮಾಹಿತಿ) ಇಟ್ಟು ಫಾರ್ಮ್‌ಗೆ ಮರಳಿ ಕೊಡುತ್ತದೆ. ಅಲ್ಲೂ ಪಾಸ್‌ವರ್ಡ್‌ಗಳನ್ನು ಬಿಟ್ಟುಬಿಡುತ್ತದೆ, ಅದೂ ಅದೇ ಮೂರು ಹೆಸರುಗಳಿರುವ ಇನ್ನೊಂದು ಪಟ್ಟಿ ನೋಡಿ. ನಾನು ಸೆಷನ್ ಟೇಬಲ್‌ನ ಒಂದು ಸಾಲನ್ನು ಬೇಸ್64 ಎಂಬ ಸಂಕೇತ ರೂಪದಿಂದ ಬಿಡಿಸಿ ನೋಡಿದೆ. ಎರಡು ಬಾಕ್ಸ್ ಹೊಂದದೆ ಹೋದವರ ಹೊಸ ಪಾಸ್‌ವರ್ಡ್ ಅಲ್ಲಿ ಸಾದಾ ಅಕ್ಷರಗಳಲ್ಲಿ ಕೂತಿತ್ತು. ಸೆಷನ್‌ಗಳನ್ನು ಆಗಲೇ ಅಳಿಸಿದೆ. ಆ ಸಂಜೆ ಬೇರೆ ಏನೂ ಕೆಲಸ ಮಾಡಲಾಗಲಿಲ್ಲ.

ಹೆಸರು ಬದಲಿಸುವ ನಿರ್ಧಾರ ನನ್ನದೇ. ಆದರೂ ಕನ್ಫರ್ಮ್ಡ್ ಹಚ್ಚಿದ ಫೀಲ್ಡ್ ಅಂದರೆ ಹೆಚ್ಚು ಕಡಿಮೆ ಪಾಸ್‌ವರ್ಡೇ. ಆಗ ಒಂದು ಎಚ್ಚರಿಕೆ ಕಾಣಿಸಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ. 11ನೇ ಆವೃತ್ತಿಯಿಂದ ಆ ಎರಡೂ ಪಟ್ಟಿಗೆ ನಮ್ಮ ಹೆಸರುಗಳನ್ನು ಬೂಟ್‌ಸ್ಟ್ರಾಪ್ ಫೋಲ್ಡರ್‌ನ ಒಂದೇ ಫೈಲ್‌ನಲ್ಲಿ ಸೇರಿಸಬಹುದು. ನಾನು ಮಾತ್ರ ಅದನ್ನೂ ಮಾಡುವುದಿಲ್ಲ. ಬದಲಿಸುವ ಪುಟದಲ್ಲೂ ಫೀಲ್ಡ್ ಹೆಸರು ಪಾಸ್‌ವರ್ಡ್ ಅಂತಲೇ ಇಡುತ್ತೇನೆ, ಹಳೆಯದಕ್ಕೆ ಕರೆಂಟ್_ಪಾಸ್‌ವರ್ಡ್. ಒಬ್ಬನೇ ಕೆಲಸ ಮಾಡುವವನು, ನನ್ನ ಕೋಡ್ ನೋಡಿ ಹೇಳುವ ಇನ್ನೊಬ್ಬರಿಲ್ಲ. ನೆನಪಿಡಬೇಕಾದ್ದು ಕಡಿಮೆ ಇದ್ದಷ್ಟೂ ನನಗೆ ಒಳ್ಳೆಯದು. ದೊಡ್ಡ ತಂಡದವರು ಪಟ್ಟಿ ತಿದ್ದುವುದೇ ಸರಿ.

ಇನ್ನೊಂದು ಸಣ್ಣ ಕಿರಿಕಿರಿ ಉಳಿದಿದೆ. ತಪ್ಪಿನ ಸಂದೇಶ ಮೊದಲ ಬಾಕ್ಸ್ ಕೆಳಗೆ ಬರುತ್ತದೆ, ಬಳಕೆದಾರರ ಕಣ್ಣು ಎರಡನೆಯದರ ಮೇಲಿರುತ್ತದೆ. ಎರಡನೇ ಫೀಲ್ಡ್‌ಗೆ ‘ಸೇಮ್’ (ಮೊದಲಿನದರಂತೆಯೇ ಇರಬೇಕು) ಎಂಬ ನಿಯಮ ಹಾಕಿದರೆ ಸಂದೇಶ ಅಲ್ಲಿಗೇ ಬರುತ್ತದೆ. ಅದನ್ನು ಹಾಕುವಾಗ ಎರಡೂ ಫೀಲ್ಡ್ ಕಡ್ಡಾಯ ಮಾಡುವುದನ್ನು ಮರೆಯಬೇಡಿ.

ಕನ್ಫರ್ಮ್ಡ್ ಬಳಸುವುದನ್ನು ನಿಲ್ಲಿಸಿಲ್ಲ. ಬೆಳಗಿನ ಕರ್ಲ್ ಈಗ ಮೂರಲ್ಲ, ನಾಲ್ಕು. ನಾಲ್ಕನೆಯದರಲ್ಲಿ ಕೊನೆಗೆ ಖಾಲಿ ಜಾಗವಿರುವ ಪಾಸ್‌ವರ್ಡ್ ಹಾಕಿ, ಅದರಿಂದಲೇ ಲಾಗಿನ್ ಆಗಿ ನೋಡುತ್ತೇನೆ.